ಬೀಚ್ ಮರದ ಬಿಳಿ ಅಣಬೆ

2 ನವೆಂಬರ್ 2024, ಶನಿವಾರ, ಲಂಡನ್

ಊರಲ್ಲಿ ಇವತ್ತು ದೀಪಾವಳಿ ಪಾಡ್ಯ. ನಾನು ಸೆಂಟ್ರಲ್ ಲೈನ್ ರೈಲು ಹಿಡಿದು ಲೌಟನ್‌ನಲ್ಲಿ ಇಳಿದು, ಎಪ್ಪಿಂಗ್ ಕಾಡಿಗೆ ನಡೆದೆ. ದಟ್ಟ ಮೋಡ, ಎಲೆ ಅಲುಗುವಷ್ಟೂ ಗಾಳಿ ಇಲ್ಲ. ಅಣಬೆ ಫೋಟೋಗೆ ಇದಕ್ಕಿಂತ ಒಳ್ಳೆ ದಿನ ಸಿಗುವುದಿಲ್ಲ.

ಬರ್ಚ್ ಮರಗಳ ಕೆಳಗೆ ಬಿಳಿ ಚುಕ್ಕಿಯ ಕೆಂಪು ಫ್ಲೈ ಅಗಾರಿಕ್ ಇದ್ದವು. ಚೆಂದವೇನೋ ಹೌದು, ಆದರೆ ಎಲ್ಲರ ಫೋನಿನಲ್ಲೂ ಅದೇ ಇದೆ ಅಲ್ವಾ? ಸುಮ್ನೆ ನೋಡಿ ಮುಂದೆ ಹೋದೆ.

ನನಗೆ ಬೇಕಿದ್ದದ್ದು ಪಿಂಗಾಣಿಯಂತೆ ಬೆಳ್ಳಗಿರುವ ಪೋರ್ಸಲೀನ್ ಅಣಬೆ. ಅದು ಬೆಳೆಯುವುದು ಹೆಚ್ಚಾಗಿ ಬೀಚ್ ಎಂಬ (ಕಡಲತೀರದ ಬೀಚ್ ಅಲ್ಲ) ಕಾಡುಮರದ ಸತ್ತ ಕೊಂಬೆಗಳ ಮೇಲೆ. ಇಲ್ಲಿ ಅವಕ್ಕೇನೂ ಬರವಿಲ್ಲ. ಹಿಂದೆ ಈ ಮರಗಳ ತಲೆ ಸವರಿ ಸೌದೆ ಮಾಡುತ್ತಿದ್ದರು. 1878ರಲ್ಲಿ ಕಾಡಿಗೆ ಕಾನೂನು ಬಂದ ಮೇಲೆ ಆ ರೂಢಿ ನಿಂತಿತು. ಈಗ ಮೋಟು ಬೊಡ್ಡೆಯ ಮೇಲೆ ದಪ್ಪ ದಪ್ಪ ಕೊಂಬೆಗಳು. ಭಾರ ತಾಳದೆ ಮುರಿದು ಬೀಳುತ್ತವೆ.

ಅಂಥದ್ದೊಂದು ಕೊಂಬೆಯ ಮೇಲೆ ಗೊಂಚಲಾಗಿ ಎದ್ದಿದ್ದವು. ಛತ್ರಿಯ ಮೇಲೆಲ್ಲ ಲೋಳೆ, ಅದರಲ್ಲಿ ಸಿಕ್ಕಿಕೊಂಡ ಒಂದು ಗುಂಗುರು. ಕಾಂಡಕ್ಕೆ ತೆಳ್ಳನೆ ಉಂಗುರ. ಮೇಲಿಂದ ತೆಗೆದರೆ ಬರೀ ಬಿಳಿ ಬೊಟ್ಟು. ನೆಲಕ್ಕೆ ಮಲಗಿ ಅಡಿಯಿಂದ ನೋಡಬೇಕು: ಬೆಳಕು ಛತ್ರಿಯೊಳಗಿಂದ ಹಾದು ಬರುತ್ತದೆ, ಪದರಗಳು ಒಂದೊಂದಾಗಿ ಎಣಿಸುವಷ್ಟು ಬಿಡಿಬಿಡಿಯಾಗಿ ಕಾಣುತ್ತವೆ. ಹಿಂದೆ ಒಂದು ಪುಟ್ಟ ಎಲ್‌ಇಡಿ ಟಾರ್ಚ್ ಇಟ್ಟೆ, ಅಷ್ಟೇ. ಕೆಲವರು ಅಣಬೆ ಕಿತ್ತು, ಪಾಚಿ ಮೇಲೆ ನೆಟ್ಟು, ನೀರು ಚಿಮುಕಿಸಿ ಫೋಟೋ ತೆಗೆಯುತ್ತಾರೆ. ಇಲ್ಲಿ ಕೀಳುವುದೇ ನಿಷೇಧ. ಇಲ್ಲದಿದ್ದರೂ ನನಗೆ ಅದು ಸೇರುವುದಿಲ್ಲ.

ಇಷ್ಟು ಹತ್ತಿರ ಹೋದರೆ, ಲೆನ್ಸಿನ ಕಿಂಡಿಯನ್ನು ಎಫ್ 8ಕ್ಕೆ ಕಿರಿದು ಮಾಡಿದರೂ ಕೆಲವೇ ಮಿಲಿಮೀಟರ್ ಸ್ಪಷ್ಟ. ಇನ್ನೂ ಕಿರಿದಾಗಿ ಎಫ್ 22ಕ್ಕೆ ಒಯ್ದರೆ ಇಡೀ ಚಿತ್ರವೇ ಮಂಕು. ಹಾಗಾಗಿ ಕ್ಯಾಮೆರಾವನ್ನು ಕಾಳಿನ ಚೀಲದ ಮೇಲೆ ಕೂರಿಸಿ, ಫೋಕಸ್ ಚೂರುಚೂರೇ ಸರಿಸುತ್ತಾ ಸಾಲಾಗಿ ತೆಗೆದೆ. ಈಗ ಕಂಪ್ಯೂಟರ್ ಅವನ್ನು ಒಂದಾಗಿ ಜೋಡಿಸುತ್ತಿದೆ.

ನೋಡಲು ನಾಜೂಕಾದರೂ ಈ ಅಣಬೆ ಸಾಧು ಅಲ್ಲ. ತನ್ನ ಕೊಂಬೆಗೆ ಬೇರೆ ಶಿಲೀಂಧ್ರ ಬರದಂತೆ ಸ್ಟ್ರಾಬಿಲುರಿನ್ ಎಂಬ ವಿಷ ಬಿಡುತ್ತದೆ. ಅದೇ ಜಾತಿಯ ರಾಸಾಯನಿಕಗಳನ್ನು ನೋಡಿ ಮಾಡಿದ್ದು ಅಜಾಕ್ಸಿಸ್ಟ್ರೋಬಿನ್. ವಿಜಯಪುರದ ನಮ್ಮ ದ್ರಾಕ್ಷಿಗೆ, ಚಾಟ್ನಿ (ಬಳ್ಳಿ ಕತ್ತರಿಸುವುದು) ಆದ ಮೇಲೆ ಬೂಜಿನಂಥ ಡೌನಿ ರೋಗ ಬರದಿರಲಿ ಅಂತ ಹೊಡೆಯುವ ಔಷಧಿ. ಸಂಜೆ ಫೋನಿನಲ್ಲಿ ಅಪ್ಪನಿಗೆ ಹೇಳಿದೆ.

"ಅಡವ್ಯಾಗ ಪುಕ್ಕಟೆ ಬೆಳೀತದ ಅಂದ್ರ, ಇಲ್ಲಿ ಬಾಟ್ಲಿ ಯಾಕಪ್ಪಾ ಅಷ್ಟು ತುಟ್ಟಿ?" ಅಂದರು.