ಆಟಿ ಸೊಪ್ಪಿನ ಬಣ್ಣದ ಕೂದಲು

ಆಗಸ್ಟ್ 3, ಮಳೆಗಾಲದ ಆಟಿ ತಿಂಗಳ ಹದಿನೆಂಟು. ಮಡಿಕೇರಿ ಕಡೆ ಜಡಿಮಳೆ, ಕರೆಂಟ್ ಹೋಗಿ ಎರಡು ದಿನ. ಬಟ್ಟೆ, ಪುಸ್ತಕ, ಚಪ್ಪಲಿ ಎಲ್ಲಕ್ಕೂ ಬೂಷ್ಟು. ಶಾಲೆಗೆ ಮಳೆ ರಜೆ, ಮೊಬೈಲ್ ಚಾರ್ಜೂ ಇಲ್ಲ. ಬೇರೆ ದಾರಿಯಿಲ್ಲದೆ ಅಕ್ಕನ ಮಗಳು ನನಗೆ ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್ ಚಿತ್ರ, ಬಿಡಿಸಲು ಕಲಿಸಲು ಕೂತಳು. ಏಳನೇ ಕ್ಲಾಸು ಓದುವ ಟೀಚರ್, ಮೂವತ್ತೆಂಟರ ಶಿಷ್ಯೆ.

ಮೊದಲು ಒಂದು ವೃತ್ತ, ಕೆಳಗೆ ಚೂಪು ಗದ್ದ. ಮುಖದ ಮೇಲೆ ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು. ನಾನು ಕಣ್ಣನ್ನು ಹಣೆಯಲ್ಲಿಟ್ಟೆ.

"ಚಿಕ್ಕಮ್ಮ, ಕಣ್ಣಿರೋದು ತಲೆಯ ಅರ್ಧದಲ್ಲಿ!"

ನಂಬದಿದ್ದಾಗ ಸ್ಕೇಲ್ ತಂದು ನನ್ನ ಮುಖವನ್ನೇ ಅಳೆದಳು. ನೆತ್ತಿಯಿಂದ ಕಣ್ಣಿಗೆ, ಕಣ್ಣಿಂದ ಗದ್ದಕ್ಕೆ ಹೆಚ್ಚುಕಮ್ಮಿ ಸಮ. ದಿನಾ ಕನ್ನಡಿ ನೋಡುವವಳಿಗೆ ಇದು ಗೊತ್ತೇ ಇರಲಿಲ್ಲ! ಮಾಂಗಾದಲ್ಲಿ ಕಣ್ಣನ್ನು ಇನ್ನೂ ಕೆಳಗಿಳಿಸುತ್ತಾರೆ. ಇಳಿದಷ್ಟೂ ಮುಖ ಎಳೆಯದಾಗುತ್ತದೆ. ಡಿಸ್ನಿ ಕಾರ್ಟೂನುಗಳ ಹುಚ್ಚಿದ್ದ ಮಾಂಗಾ ಕಲಾವಿದ ಒಸಾಮು ತೆಜುಕಾ ಅವರಿಂದ ಆ ದೊಡ್ಡ ಕಣ್ಣು ಜಪಾನಿನಲ್ಲಿ ರೂಢಿಯಾಯಿತು ಎಂದು ನನ್ನ ಪಾಂಡಿತ್ಯ ತೋರಿಸಿದೆ. "ಮೊದ್ಲು ಬಲಗಣ್ಣು ಮುಗ್ಸು" ಎಂದಳು.

ಅದೇ ಕಷ್ಟ. ಎಡಗಣ್ಣು ಚಂದ ಬಂದಿತ್ತು, ಬಲಗಣ್ಣು ಅದಕ್ಕೆ ಜೋಡಿಯಾಗಲು ಒಪ್ಪಲಿಲ್ಲ. ಅಳಿಸಿದೆ, ಬರೆದೆ, ಮತ್ತೆ ಅಳಿಸಿದೆ. ತೇವ ಹೀರಿದ ಹಾಳೆ, ರಬ್ಬರಿಗೆ ಸಿಪ್ಪೆ ಎದ್ದು ತೂತಾಯಿತು. ಅವಳು ಅದನ್ನು ತಿರುವಿ ಕಿಟಕಿಗೆ ಹಿಡಿದಳು. ಹಿಂದಿನಿಂದ ನೋಡಿದಾಗ ಗೊತ್ತಾಯಿತು: ಕಣ್ಣೊಂದೇ ಅಲ್ಲ, ಇಡೀ ಮುಖವೇ ಗಾಳಿಗೆ ವಾಲಿದ ಬಾಳೆಯಂತೆ ಒಂದು ಕಡೆಗೆ ಜಾರಿತ್ತು.

ಹೊಸ ಹಾಳೆಗಳನ್ನು ಒಲೆ ಹತ್ತಿರ ಬೆಚ್ಚಗೆ ಮಾಡಲು ಅಡುಗೆಮನೆಗೆ ಹೋದೆವು. ಅಮ್ಮ ಪಾಯಸಕ್ಕೆ ಆಟಿ ಸೊಪ್ಪು, ಕೊಡಗಿನಲ್ಲಿ ಈ ದಿನ ತಿನ್ನುವ ಔಷಧಿ ಸೊಪ್ಪು, ಬೇಯಿಸುತ್ತಿದ್ದರು, ನೀರು ಕಡುನೇರಳೆ. ಅಲ್ಲೇ ಕೂತು ಅಮ್ಮನನ್ನೇ ಬಿಡಿಸಿದೆ. ಸುಕ್ಕು ಹಾಕಲು ಹೋದರೆ ಟೀಚರ್ ತಡೆದಳು. ಮಾಂಗಾ ಮುಖಕ್ಕೆ ಒಂದು ಗೆರೆ ಜಾಸ್ತಿಯಾದರೂ ಹತ್ತು ವರ್ಷ ಏರುತ್ತದಂತೆ. ಕೂದಲನ್ನು ಎಳೆ ಎಳೆಯಾಗಿ ಬಿಡದೆ ಗೊಂಚಲು ಗೊಂಚಲಾಗಿ ಎಳೆದು, ಸೊಪ್ಪಿನ ನೀರಲ್ಲಿ ಬ್ರಶ್ ಅದ್ದಿ ಬಳಿದಳು. ಮಾಂಗಾದಲ್ಲಿ ನೇರಳೆ ಕೂದಲು ನಡೆಯುತ್ತದೆ.

ಅಮ್ಮ ಸೌಟು ಹಿಡಿದೇ ಬಗ್ಗಿ ನೋಡಿದರು.

"ಯಾರ ಮನೆ ಹುಡುಗಿ ಇದು? ತಲೆಗೆ ಎಣ್ಣೆ ಹಚ್ಚಲ್ವಾ?"

ಹಾಳೆ ಈಗ ಅಟ್ಟದಲ್ಲಿ ಒಣಮೆಣಸಿನ ಪಕ್ಕ ಒಣಗುತ್ತಿದೆ. ಬಲಗಣ್ಣು ಇನ್ನೂ ಬಾಕಿ.