ಗ್ರೀಕ್ ಮೇಳದಿಂದ ಒಪೆರಾದವರೆಗೆ

ಮಾತಿನ ಬದಲು ಹಾಡಿನಲ್ಲಿಯೇ ಸಾಗುವ ಯುರೋಪಿನ ನಾಟಕ ಪ್ರಕಾರವಾದ ಒಪೆರಾದ ಹುಟ್ಟಿನ ಹಿಂದೆ ಒಂದು ತಪ್ಪು ತಿಳಿವಳಿಕೆ ಇತ್ತೆಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಕ್ರಿ.ಪೂ. 5ನೇ ಶತಮಾನದ ಅಥೆನ್ಸ್‌ನಲ್ಲಿ, ಡಯೊನೈಸಸ್ ದೇವರ ಉತ್ಸವದಲ್ಲಿ ಪ್ರದರ್ಶನಗೊಳ್ಳುತ್ತಿದ್ದ ದುರಂತ ನಾಟಕಗಳಲ್ಲಿ, ಮೇಳದವರು ಆಲೋಸ್ ಎಂಬ ಜೋಡಿ ಕೊಳವೆಯ ವಾದ್ಯದೊಂದಿಗೆ ಹಾಡುತ್ತಾ ಕುಣಿಯುತ್ತಿದ್ದರು. ಪಾತ್ರಗಳ ಸಂಭಾಷಣೆಯಾದರೋ ಬಹುಪಾಲು ಮಾತಿನ ಲಯದಲ್ಲಿಯೇ ಸಾಗುತ್ತಿತ್ತು.

16ನೇ ಶತಮಾನದ ಕೊನೆಯ ಭಾಗದಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಕುಲೀನ ಜೊವಾನ್ನಿ ಬಾರ್ದಿಯ ಮನೆಯಲ್ಲಿ ಸೇರುತ್ತಿದ್ದ ವಿದ್ವಾಂಸರ ವಲಯದಲ್ಲಿ (ವಿಜ್ಞಾನಿ ಗೆಲಿಲಿಯೋನ ತಂದೆ ವಿಂಚೆನ್ಸೊ ಕೂಡ ಅಲ್ಲಿದ್ದ), ಗ್ರೀಕರು ಇಡೀ ನಾಟಕವನ್ನೇ ಹಾಡುತ್ತಿದ್ದರೆಂಬ ನಂಬಿಕೆ ಬಲವಾಗಿತ್ತು. ಹಲವು ದನಿಗಳು ಹೆಣೆದುಕೊಂಡ ಗಾಯನದಲ್ಲಿ ಮಾತು ಕೇಳಿಸದೇ ಹೋಗುತ್ತದೆಂಬ ಅಸಮಾಧಾನವೂ ಅದಕ್ಕೆ ಸೇರಿ, ಒಂಟಿ ದನಿಯಲ್ಲಿ ಮಾತಿನಂತೆಯೇ ಹರಿಯುವ ಹಾಡುಗಾರಿಕೆಯೊಂದು ರೂಪುಗೊಂಡಿತು. 1600ರಲ್ಲಿ ಫ್ಲಾರೆನ್ಸ್‌ನ ಆಳರಸರ ಮನೆತನದ ಮರಿಯಾ ದೆ ಮೆಡಿಚಿಯ ವಿವಾಹ ಸಂಭ್ರಮಕ್ಕಾಗಿ ಸಂಗೀತ ರಚನಕಾರ ಯಾಕೊಪೊ ಪೆರಿಯ ‘ಯೂರಿಡಿಚೆ’ ಪಿಟ್ಟಿ ಅರಮನೆಯಲ್ಲಿ ರಂಗವೇರಿದಾಗ, ಆರ್ಫಿಯಸ್‌ನ ಪಾತ್ರವನ್ನು ಪೆರಿಯೇ ಹಾಡಿದ. ಗ್ರೀಕ್ ಪುರಾಣದಲ್ಲಿ ಗಾಯಕ ಆರ್ಫಿಯಸ್ ಸತ್ತ ಪತ್ನಿ ಯೂರಿಡಿಚೆಯನ್ನು ಪಾತಾಳದಿಂದ ಕರೆತರುವಾಗ ಎರಡನೆಯ ಬಾರಿ ಕಳೆದುಕೊಳ್ಳುತ್ತಾನೆ. ಮದುವೆಯ ಮನೆಯಲ್ಲಿ ಅದು ಸಲ್ಲದೆಂದು ಇಲ್ಲಿ ಇಬ್ಬರೂ ಸುಖವಾಗಿ ಮರಳುತ್ತಾರೆ! ಆದರೂ ನನ್ನ ದೃಷ್ಟಿಯಲ್ಲಿ, ಆ ಪ್ರಯೋಗಕ್ಕೆ ನಿಜವಾದ ನಾಟಕೀಯ ಕಸುವು ತುಂಬಿದವನು 1607ರಲ್ಲಿ ಮಾಂಟುವಾದಲ್ಲಿ ಅದೇ ಕಥೆಯನ್ನು ಎತ್ತಿಕೊಂಡ ಸಂಗೀತ ರಚನಕಾರ ಮಾಂಟೆವೆರ್ಡಿ. ಅರಮನೆಯ ಈ ವಿನೋದವು 1637ರಲ್ಲಿ ವೆನಿಸ್‌ನಲ್ಲಿ ಟಿಕೆಟ್ ಕೊಂಡು ಬರುವ ಸಾರ್ವಜನಿಕರಿಗೂ ತೆರೆದುಕೊಂಡಿತು.