ಭಾನುವಾರದ ಇಂಗ್ಲಿಷ್ ಜೋಡಿಗಳು

ಕೇರಳದಲ್ಲಿ ಸರಕಾರಿ ಕೆಲಸಕ್ಕೆಂದು ಪಿಎಸ್‌ಸಿ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ನುಡಿಗಟ್ಟು ಅಂದರೆ ರ‍್ಯಾಂಕ್ ಫೈಲ್ ಎಂಬ ಗೈಡಿನ ಒಂದಷ್ಟು ಪುಟ. ಎಡಗಡೆ ನುಡಿಗಟ್ಟು, ಬಲಗಡೆ ಅರ್ಥ. ಬಾಯಿಪಾಠ ಮಾಡುವುದು, ಮರೆಯುವುದು, ಪುನಃ ಬಾಯಿಪಾಠ. ತಪ್ಪು ಉತ್ತರಕ್ಕೆ ಮೂರನೇ ಒಂದಂಶ ಅಂಕ ಕೈಬಿಟ್ಟು ಹೋಗುತ್ತದೆ. ಅರೆಬರೆ ನೆನಪು ಇಟ್ಟುಕೊಂಡು ಓಎಂಆರ್ ಹಾಳೆಗೆ ಪೆನ್ನು ಊರುವ ಧೈರ್ಯ ಯಾರಿಗಿದೆ?

ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ವಾಚನಾಲಯದಲ್ಲಿ ನಿವೃತ್ತ ಮಾಷ್ಟ್ರೊಬ್ಬರು ಭಾನುವಾರ ನಮಗೆ ಪಾಠ ಮಾಡುತ್ತಿದ್ದರು. ಅವರಿಗೆ ರ‍್ಯಾಂಕ್ ಫೈಲ್ ಕಂಡರಾಗದು. ಆ ದಿನ ಜೋರು ಮಳೆ. ಶೀಟಿನ ಮಾಡಿನ ಸದ್ದಿಗೆ ಮಾತು ಕೇಳುವ ಹಾಗಿರಲಿಲ್ಲ. ಅವರು ಬೋರ್ಡಿನಲ್ಲಿ ಅರ್ಧ ಬರೆದು, ಸೀಮೆಸುಣ್ಣ ಹಿಡಿದುಕೊಂಡು ಸುಮ್ಮನೆ ನಮ್ಮ ಮುಖ ನೋಡುತ್ತಿದ್ದರು. 'ಕಿತ್ ಆಂಡ್...' 'ಕಿನ್!' 'ಹ್ಯೂ ಆಂಡ್...' 'ಕ್ರೈ!'

"ಹಾಂ, ಈಗ ನೀವು ಹಾಕಿದಿರಲ್ಲ, ಅದೇ ಬೊಬ್ಬೆ" ಅಂದರು. ಕಳ್ಳನನ್ನು ಕಂಡವನು ಬೊಬ್ಬೆ ಹಾಕಲೇಬೇಕು, ಕೇಳಿದ ಊರವರು ಬೆನ್ನಟ್ಟಲೇಬೇಕು ಎಂದು ಇಂಗ್ಲೆಂಡಿನಲ್ಲಿ 1285ರ ವಿಂಚೆಸ್ಟರ್ ಕಾಯ್ದೆಯೇ ಹೇಳಿತ್ತಂತೆ.

ಮಳೆ ಸ್ವಲ್ಪ ಬಿಟ್ಟ ಮೇಲೆ ಕೋರ್ಟಿನ ಜೋಡಿಗಳು ಶುರುವಾದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಬರಬರುತ್ತ ಕೋರ್ಟು ಕಚೇರಿಗೆ ಫ್ರೆಂಚ್ ಹೊಕ್ಕಿತು, ಊರವರ ಬಾಯಲ್ಲಿ ಇಂಗ್ಲಿಷೇ ಉಳಿಯಿತು. ಕಾಗದ ಬರೆಯುವವರು ಯಾಕೆ ಬೇಕು ರಗಳೆ ಅಂತ ಎರಡನ್ನೂ ಸೇರಿಸಿ ಬರೆದರು. 'ಗೂಡ್ಸ್ ಆಂಡ್ ಚ್ಯಾಟಲ್ಸ್' ಅಂದರೆ ಸೊತ್ತು; ಅದರಲ್ಲಿ ಗೂಡ್ಸ್ ಇಂಗ್ಲಿಷಿನದು, ಚ್ಯಾಟಲ್ಸ್ ಫ್ರೆಂಚಿನಿಂದ ಬಂದದ್ದು. ಮುರಿದು ಒಳನುಗ್ಗುವ 'ಬ್ರೇಕಿಂಗ್ ಆಂಡ್ ಎಂಟರಿಂಗ್' ಕೂಡ ಹಾಗೆಯೇ. "ಎಲ್ಲ ಜೋಡಿಗೂ ಇದೇ ಕಥೆ ಅಂತ ತಿಳ್ಕೊಳ್ಬೇಡಿ ಮತ್ತೆ" ಅಂತ ಎಚ್ಚರಿಸಲು ಮಾಷ್ಟ್ರು ಮರೆಯಲಿಲ್ಲ.

ನಮ್ಮ ಜೊತೆ, ಜನರ ಸರಕಾರಿ ಅರ್ಜಿಗಳನ್ನು ತುಂಬಿಸಿಕೊಡುವ ಅಕ್ಷಯ ಕೇಂದ್ರದಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರಿದ್ದರು. ಪಾಠದಲ್ಲಿ ಹೆಚ್ಚು ಮಾತಾಡುವವರಲ್ಲ. ಅವತ್ತು ಮಾತ್ರ, "ಇದು ನಮ್ಮದೇ ಕಥೆ ಅಲ್ವಾ ಮಾಷ್ಟ್ರೆ? ಕೌಂಟರಿನಲ್ಲಿ ನಾನು ದಿನವಿಡೀ ಕೇಳುವುದೇ 'ಅರ್ಜಿ ಅಪೇಕ್ಷ ತಂದಿದ್ದೀರಾ' ಅಂತ. ಕನ್ನಡದವರಿಗೆ ಅರ್ಜಿ, ಮಲಯಾಳದವರಿಗೆ ಅಪೇಕ್ಷ. ಒಂದೇ ಹೇಳಿದ್ರೆ ಯಾರಾದ್ರೂ ಒಬ್ರು 'ಎಂತ?' ಅಂತ ಪುನಃ ಕೇಳ್ತಾರೆ" ಅಂದರು.

ಮಾಷ್ಟ್ರು ಒಂದು ಗಳಿಗೆ ಅವರನ್ನೇ ನೋಡಿ, 'ಗೂಡ್ಸ್ ಆಂಡ್ ಚ್ಯಾಟಲ್ಸ್' ಕೆಳಗೆ ದೊಡ್ಡದಾಗಿ 'ಅರ್ಜಿ ಅಪೇಕ್ಷ' ಅಂತ ಬರೆದು ಅಡಿಗೆರೆ ಎಳೆದರು.

ನನಗಂತೂ ಆಮೇಲೆ ಆ ಜೋಡಿಗಳನ್ನು ಉರು ಹೊಡೆಯಬೇಕಾಗಲಿಲ್ಲ. 1956ರಲ್ಲಿ ಕೇರಳಕ್ಕೆ ಸೇರಿದ ಊರು ನಮ್ಮದು. ಮನೆಯಲ್ಲೊಂದು ಭಾಷೆ, ವಿಲ್ಲೇಜ್ ಆಫೀಸಿನಲ್ಲೊಂದು ಭಾಷೆ. ಕಾಗದಪತ್ರ ಹಿಡಿದು ಎರಡರ ನಡುವೆ ಓಡಾಡುವವರಿಗೆ ಇಂಗ್ಲೆಂಡಿನ ಆ ಗುಮಾಸ್ತನ ಪಾಡು ಬಿಡಿಸಿ ಹೇಳಬೇಕೇ? 'ಬ್ಲೂ ಮೂನ್', 'ವೈಟ್ ಎಲಿಫೆಂಟ್'ನಂಥ ಜೋಡಿಯಲ್ಲದ ನುಡಿಗಟ್ಟುಗಳ ಜೊತೆ ಮಾತ್ರ ಈಗಲೂ ಗುದ್ದಾಟ ಉಂಟು.

ಪರೀಕ್ಷೆಯಲ್ಲಿ ಜೋಡಿಗಳ ಪೈಕಿ ಒಂದೂ ಬರಲಿಲ್ಲ. ಹಾಲಿನಿಂದ ಹೊರಗೆ ಬಂದ ಅಕ್ಕ, "ಹ್ಯೂ ಆಂಡ್ ಕ್ರೈ ಹಾಕುವ ಅಂದರೆ ಇಲ್ಲಿ ಪೊಲೀಸರಿದ್ದಾರೆ ಮಾರಾಯ" ಅಂದರು.